ಕಿಟಕಿಯ ಹಗ್ಗ

ಕಿಟಕಿಗೂ ಹಗ್ಗಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಅರುವತ್ತು ವರ್ಷಗಳವರೆಗೆ ನಾನೂ ಹಾಗೆಯೇ ಕೇಳುತ್ತಿದ್ದವನು. ನಮ್ಮ ಕಡೆಯ ಮನೆಗಳಲ್ಲಿ ಹಗ್ಗವಿರುವುದು ಬಾವಿಗೆ, ತೊಟ್ಟಿಲಿಗೆ, ಬಟ್ಟೆ ಒಣಹಾಕುವುದಕ್ಕೆ, ಹಸುವಿನ ಕೊರಳಿಗೆ. ಕಿಟಕಿಗೆ ಇರುವುವು ಕಬ್ಬಿಣದ ಸರಳುಗಳು, ಎರಡು ಮರದ ಬಾಗಿಲುಗಳು, ಒಂದು ಚಿಲಕ. ಹಗಲು ತೆರೆದು ಇರುಳು ಮುಚ್ಚಿದರೆ ಅದರ ಸಂಸಾರ ಮುಗಿಯಿತು. ಕಿಟಕಿಗೂ ಒಂದು ಹಗ್ಗವುಂಟೆಂದೂ, ಆ ಹಗ್ಗದ ಗಟ್ಟಿತನದ ಮೇಲೆ ಒಂದು ಮಗುವಿನ ಕೈಬೆರಳುಗಳ ಕ್ಷೇಮವು ನಿಂತಿರಬಹುದೆಂದೂ ನನಗೆ ತಿಳಿದುದು ೨೦೨೨ನೆಯ ಇಸವಿಯ ಬೇಸಗೆಯಲ್ಲಿ, ಲಂಡನ್ನಿನಲ್ಲಿರುವ ನನ್ನ ಮಗನ ಮನೆಯಲ್ಲಿ.

ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸುತ್ತಿದ್ದು ಆ ವರ್ಷವೇ ನಾನು ನಿವೃತ್ತನಾದೆನು. ಮಗನು ಬಹುಕಾಲದಿಂದ ಕರೆಯುತ್ತಲೇ ಇದ್ದನು. ಶಾಲೆಯ ನೆಪ ಮುಗಿದ ಮೇಲೆ ಹೇಳುವುದಕ್ಕೆ ಬೇರೆ ನೆಪವಿರಲಿಲ್ಲ. ಆರು ತಿಂಗಳು ಇದ್ದುಬರಲು ಅನುಮತಿಯನ್ನು ಪಡೆದು ಮೇ ತಿಂಗಳಲ್ಲಿ ನಾನೂ ನನ್ನ ಮನೆಯವರೂ ಹೊರಟೆವು.

ಮಗನು ಸಾಲ ಮಾಡಿ ಕೊಂಡಿದ್ದ ಮನೆಯು ಆ ನಗರದ ದಕ್ಷಿಣ ಭಾಗದಲ್ಲಿದೆ. ವಿಕ್ಟೋರಿಯಾ ರಾಣಿಯ ಆಳಿಕೆಯ ಕೊನೆಯ ವರ್ಷಗಳಲ್ಲಿ ಕಟ್ಟಿದ ಇಟ್ಟಿಗೆಯ ಮನೆಗಳು ಅಲ್ಲಿ ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡು, ಸಾಲಾಗಿ ಕುಳಿತ ಮಕ್ಕಳಂತೆ ಬೀದಿಯುದ್ದಕ್ಕೂ ನಿಂತಿವೆ. ಮಹಡಿಯ ಮೇಲೆ ಹಿತ್ತಿಲ ಕಡೆಗಿರುವ ಕೋಣೆ ನಮ್ಮ ಮೊಮ್ಮಗಳದು. ಅವಳಿಗೆ ಆಗ ಆರು ವರ್ಷ. ಆ ಕೋಣೆಯ ಕಿಟಕಿಯ ಬಳಿ ನನಗೊಂದು ಮೇಜನ್ನೂ ಕುರ್ಚಿಯನ್ನೂ ಹಾಕಿಕೊಟ್ಟಿದ್ದರು. ಬೆಳಗಿನ ಹೊತ್ತು ಅಲ್ಲಿ ಕುಳಿತು ಓದುವುದು ನನ್ನ ಪರಿಪಾಠವಾಯಿತು.

ಆ ಕಿಟಕಿಯು ನಮ್ಮವುಗಳಂತೆ ಪಕ್ಕಕ್ಕೆ ತೆರೆಯುವುದಿಲ್ಲ. ಎರಡು ಗಾಜಿನ ಪಡಿಗಳು ಒಂದರ ಹಿಂದೊಂದು ನಿಂತಿವೆ. ಕೆಳಗಿನ ಪಡಿಯನ್ನು ಮೇಲಕ್ಕೆ ತಳ್ಳಬಹುದು. ಮೇಲಿನ ಪಡಿಯನ್ನು ಕೆಳಕ್ಕೆ ಎಳೆಯಬಹುದು. ಇದನ್ನು ಅಲ್ಲಿಯವರು ಸ್ಯಾಷ್ ಕಿಟಕಿ ಎನ್ನುವರು. ಎರಡು ಪಡಿಗಳನ್ನೂ ಸ್ವಲ್ಪ ಸ್ವಲ್ಪ ಸರಿಸಿಟ್ಟರೆ ಕೋಣೆಯ ಬಿಸಿಗಾಳಿ ಮೇಲಿನ ಸಂದಿನಿಂದ ಹೊರಗೆ ಹೋಗಿ ತಂಗಾಳಿ ಕೆಳಗಿನ ಸಂದಿನಿಂದ ಒಳಗೆ ಬರುವುದು. ಸಂಸ್ಕೃತದಲ್ಲಿ ಕಿಟಕಿಗಿರುವ ವಾತಾಯನವೆಂಬ ಹೆಸರು, ಎಂದರೆ ಗಾಳಿಯ ದಾರಿ ಎಂಬುದು, ಇದಕ್ಕಿಂತ ಚೆನ್ನಾಗಿ ಬೇರೆ ಯಾವ ಕಿಟಕಿಗೂ ಸಲ್ಲದೆಂದು ನನಗೆ ತೋರಿತು. ಇಂಗ್ಲಿಷಿನ ವಿಂಡೋ ಎಂಬ ಶಬ್ದವೂ ಹಳೆಯ ನಾರ್ಸ್ ಭಾಷೆಯ ‘ಗಾಳಿಯ ಕಣ್ಣು’ ಎಂಬ ಪದದಿಂದ ಬಂದುದು. ನಮ್ಮ ಗವಾಕ್ಷವು ಗೋವಿನ ಕಣ್ಣು. ಗೋ ಶಬ್ದಕ್ಕೆ ಅವಙಾದೇಶ ಬಂದು ಆ ರೂಪವಾಯಿತೆಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟವನು ನಾನು. ಎರಡು ದೂರದ ದೇಶಗಳ ಜನರಿಗೆ ಕಿಟಕಿಯನ್ನು ನೋಡಿದಾಗ ಕಣ್ಣಿನ ನೆನಪೇ ಆದುದನ್ನು ಕಂಡು ಬಹಳ ಸಂತೋಷಪಟ್ಟೆನು. ಆದರೆ ಕಣ್ಣಿನ ವಿಚಾರವಾಗಿ ಇಷ್ಟೆಲ್ಲ ಬಲ್ಲವನು ಕಣ್ಣಿಗೆ ಬಿದ್ದುದನ್ನು ಬಾಯಿಬಿಟ್ಟು ಹೇಳದೆ ಹೋದೆನು. ಆ ಸಂಗತಿಯನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಅದಕ್ಕೆ ಮೊದಲು ಈ ಕಿಟಕಿಯ ಒಳಗುಟ್ಟನ್ನು ತಿಳಿಸಬೇಕು. ಮರದ ಚೌಕಟ್ಟೂ ದಪ್ಪ ಗಾಜೂ ಸೇರಿದ ಪಡಿಯು ಅಕ್ಕಿಯ ಸಣ್ಣ ಮೂಟೆಯಷ್ಟು ಭಾರವಿರುವುದು. ಆದರೂ ಅದನ್ನು ಮಗುವೊಂದು ಎರಡು ಬೆರಳಿನಿಂದ ಎತ್ತಬಲ್ಲುದು; ಎತ್ತಿ ಬಿಟ್ಟ ಎತ್ತರದಲ್ಲಿಯೇ ಅದು ನಿಲ್ಲುವುದು. ಕಾರಣವೇನೆಂದರೆ, ಕಿಟಕಿಯ ಎರಡು ಪಕ್ಕದ ನಿಲುವುಗಳು ಒಳಗೆ ಟೊಳ್ಳಾದ ಪೆಟ್ಟಿಗೆಗಳು. ಪಡಿಯ ಎರಡು ಅಂಚುಗಳಿಗೂ ಒಂದೊಂದು ಹತ್ತಿಯ ಹುರಿಯನ್ನು ಮೊಳೆಯಿಂದ ಹೊಡೆದಿರುವರು. ಆ ಹುರಿಯು ಮೇಲೆ ಒಂದು ಸಣ್ಣ ರಾಟೆಯನ್ನು ಹಾಯ್ದು ಪೆಟ್ಟಿಗೆಯೊಳಕ್ಕೆ ಇಳಿಯುವುದು. ಅದರ ತುದಿಯಲ್ಲಿ ಎರಕದ ಕಬ್ಬಿಣದ ಒಂದು ಉದ್ದನೆಯ ಗುಂಡು ತೂಗುತ್ತಿರುವುದು. ಪಡಿಯು ಏರಿದಷ್ಟೂ ಗುಂಡು ಇಳಿಯುವುದು. ಪಡಿಯು ಇಳಿದಷ್ಟೂ ಗುಂಡು ಏರುವುದು. ನಮ್ಮ ಹಿರಿಯರು ಏತದ ಹಿಂತುದಿಗೆ ಕಲ್ಲನ್ನು ಹೇರಿ ನೀರಿನ ಭಾರವನ್ನು ಹಗುರಮಾಡಿಕೊಂಡ ತತ್ತ್ವವೇ ಇದು.

ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನ ಅರಮನೆಗಳಲ್ಲಿಯೂ ಸಿರಿವಂತರ ಮನೆಗಳಲ್ಲಿಯೂ ಬಳಕೆಗೆ ಬಂದ ಈ ಏರ್ಪಾಡು ಕ್ರಮೇಣ ಸಾಮಾನ್ಯರ ಮನೆಗಳಿಗೂ ಇಳಿಯಿತು. ಬೆಂಕಿಯು ಮನೆಯಿಂದ ಮನೆಗೆ ಹಬ್ಬಬಾರದೆಂದು ಲಂಡನ್ನಿನಲ್ಲಿ ೧೭೦೯ರ ಶಾಸನವು ಕಿಟಕಿಯ ಮರವನ್ನು ಗೋಡೆಯ ಹೊರಮೈಯಿಂದ ನಾಲ್ಕು ಅಂಗುಲ ಹಿಂದಕ್ಕೆ ಸರಿಸಿತು. ೧೭೭೪ರ ಶಾಸನವು ಗುಂಡಿನ ಪೆಟ್ಟಿಗೆಗಳನ್ನು ಇಟ್ಟಿಗೆಯ ಮರೆಗೆ ಸೇರಿಸಿತು. ೧೬೯೬ರಿಂದ ೧೮೫೧ರವರೆಗೆ ಆ ದೇಶದಲ್ಲಿ ಮನೆಯ ಕಿಟಕಿಗಳನ್ನು ಎಣಿಸಿ ತೆರಿಗೆ ಹಾಕುತ್ತಿದ್ದರಂತೆ; ತೆರಿಗೆಗೆ ಹೆದರಿ ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿದವರೂ ಉಂಟು. ೧೮೪೫ರಲ್ಲಿ ಗಾಜಿನ ಮೇಲಿನ ಸುಂಕವು ರದ್ದಾದ ಮೇಲೆ ದೊಡ್ಡ ಗಾಜುಗಳು ಅಗ್ಗವಾದುವು. ಸಣ್ಣ ಸಣ್ಣ ಚೌಕಗಳ ಬದಲು ಅಗಲವಾದ ಹಾಳೆಗಳನ್ನು ಕೂರಿಸತೊಡಗಿದರು. ಗಾಜು ಭಾರವಾದಂತೆ ಗೋಡೆಯೊಳಗಣ ಗುಂಡುಗಳೂ ಭಾರವಾದುವು. ಇವನ್ನೆಲ್ಲ ನಾನು ಆಮೇಲೆ ಅಲ್ಲಿಯ ಪುಸ್ತಕಭಂಡಾರದಲ್ಲಿ ಓದಿ ತಿಳಿದುಕೊಂಡೆನು.

ಬಂದ ಮೊದಲ ವಾರದಲ್ಲಿಯೇ, ಓದುತ್ತ ಕುಳಿತಿದ್ದಾಗ, ಕೆಳಗಿನ ಪಡಿಯ ಬಲಗಡೆಯ ಹುರಿಯು ನನ್ನ ಕಣ್ಣಿಗೆ ಬಿದ್ದಿತು. ಮನೆಯ ಹಿಂದಿನ ಒಡೆಯರು ಯಾರೋ ಕಿಟಕಿಗೆ ಬಣ್ಣ ಬಳಿಯುವಾಗ ಹುರಿಗೂ ಬಳಿದುಬಿಟ್ಟಿದ್ದರು. ಅದು ಕೋಲಿನಂತೆ ಬಿರುಸಾಗಿ, ರಾಟೆಯನ್ನು ಬಾಗಿ ಹಾಯುವ ಕಡೆಯಲ್ಲಿ ಸೀಳಿ, ಎಳೆಗಳು ಹೊರಗೆ ಚಾಚಿದ್ದುವು.

ಹಗ್ಗದ ಗುಣವು ನನಗೆ ತಿಳಿಯದುದಲ್ಲ. ಬಾಲ್ಯದಲ್ಲಿ ನಮ್ಮ ಮನೆಯಲ್ಲಿ ನೀರು ತುಂಬುವ ಹಬ್ಬದ ದಿನ, ಹಂಡೆಯನ್ನು ಬೆಳಗುವುದಕ್ಕೆ ಮೊದಲು, ನಮ್ಮ ತಂದೆಯವರು ಬಾವಿಯ ಹಗ್ಗವನ್ನು ಅಂಗಳದಲ್ಲಿ ಹಾಸಿ ಗೇಣುಗೇಣಾಗಿ ಬೆರಳಿನಲ್ಲಿ ಹಾಯಿಸಿ ನೋಡುತ್ತಿದ್ದರು. ಒಂದು ಎಳೆ ಹರಿದಿದ್ದರೂ ಆ ಹಗ್ಗಕ್ಕೆ ಅಂದಿನಿಂದ ಕೊಟ್ಟಿಗೆಯ ಚಾಕರಿ. ಬಾವಿಗೆ ಹೊಸ ಹಗ್ಗ. ಕೊಡದ ಮೇಲೆ ಅವರಿಗೆ ಅಷ್ಟು ಮಮತೆಯಿರಲಿಲ್ಲ. ಭಾರವಾದ ಕೊಡವನ್ನು ಎಳೆಯುತ್ತಿರುವಾಗ ಹಗ್ಗ ಕಡಿದರೆ ಎಳೆಯುವವರು ಹಿಂದಕ್ಕೆ ಬೀಳುವರು, ಅದೂ ಕಲ್ಲುಚಪ್ಪಡಿಯ ಮೇಲೆ, ಎಂದು ಅವರು ಹೇಳುತ್ತಿದ್ದರು. ನೀರು ಸೇದುತ್ತಿದ್ದವರು ನಮ್ಮ ತಾಯಿ.

ಇಷ್ಟು ತಿಳಿದೂ ನಾನು ಸುಮ್ಮನಿದ್ದೆನು. ಏಕೆ ಸುಮ್ಮನಿದ್ದೆನೆಂಬುದನ್ನು ಮರೆಮಾಚದೆ ಹೇಳುವೆನು. ಬಂದ ಎರಡನೆಯ ದಿನವೇ ಅಡುಗೆಮನೆಯ ಕೊಳಾಯಿ ತೊಟ್ಟಿಕ್ಕುತ್ತಿದೆಯೆಂದು ಹೇಳಿದ್ದೆನು. ಸೊಸೆಯ ಮುಖ ಸಪ್ಪಗಾಯಿತು. ಮಗನು ಆಯಾಸದ ದನಿಯಲ್ಲಿ “ಆಗಲಿ ಅಪ್ಪಾ, ನೋಡೋಣ” ಎಂದನು. ಗಂಡಹೆಂಡಿರಿಬ್ಬರೂ ಬೆಳಗ್ಗೆ ಹೊರಟು ಸಂಜೆ ಸೋತು ಬರುವವರು. ಮಗನ ಮನೆಗೆ ಬಂದ ತಂದೆಯು ಪರೀಕ್ಷಾಧಿಕಾರಿಯಂತೆ ಗೋಡೆ ಗೋಡೆಯಲ್ಲಿಯೂ ತಪ್ಪನ್ನು ಹುಡುಕಬಾರದೆಂದು ಅಂದೇ ನಿಶ್ಚಯಿಸಿಕೊಂಡೆನು. ಅವರ ಮನೆ, ಅವರ ಸಂಸಾರ. ನಾವು ಆರು ತಿಂಗಳ ಅತಿಥಿಗಳು. ಇದು ಸೌಜನ್ಯವೆಂದು ಆಗ ನನಗೆ ತೋರಿತು. ಅದರೊಳಗೆ ಸ್ವಲ್ಪ ಅಭಿಮಾನವೂ ಇದ್ದಿತೆಂದು ಈಗ ತೋರುವುದು. ಹೇಳಿದ ಮಾತಿಗೆ ಬೆಲೆ ಬಾರದಿದ್ದರೆ ಮನಸ್ಸಿಗೆ ನೋವಾದೀತು. ಹೇಳದಿದ್ದರೆ ಆ ಭಯವಿಲ್ಲವಷ್ಟೆ.

ಜೂನ್ ತಿಂಗಳ ಒಂದು ಸಂಜೆ ಆ ಹುರಿಯು ಕಡಿಯಿತು. ಗೋಡೆಯೊಳಗೆ ಯಾರೋ ಮೂಟೆಯನ್ನು ಇಳಿಸಿದಂತೆ ಧೊಪ್ಪೆಂದು ಸದ್ದಾಯಿತು. ಪಡಿಯು ಒಂದು ಕಡೆಗೆ ಓರೆಯಾಗಿ ಸಿಕ್ಕಿಕೊಂಡಿತು. ಮಗನು ಬಂದು ನೋಡಿ, ಅದನ್ನು ನೇರಮಾಡಿ, ಮುರಿದ ಕುರ್ಚಿಯ ಕಾಲೊಂದನ್ನು ಊರೆಗೋಲಾಗಿ ಕೊಟ್ಟು, “ಬಿಡುವಾದಾಗ ಸರಿಮಾಡಿಸೋಣ” ಎಂದನು. ಆಗಲೂ ನಾನು ಮಾತನಾಡಲಿಲ್ಲ.

ಜುಲೈ ತಿಂಗಳು ಬಂದಿತು. ಆ ವರ್ಷ ಆ ದೇಶದವರು ಎಂದೂ ಕಾಣದ ಬಿಸಿಲನ್ನು ಕಂಡರು. ಜುಲೈ ೧೯ರಂದು ಲಿಂಕನ್‌ಷೈರ್ ಪ್ರಾಂತದ ಕಾನಿಂಗ್ಸ್‌ಬಿಯಲ್ಲಿ ಶಾಖವು ೪೦.೩ ಡಿಗ್ರಿಗೆ ಏರಿತು. ಅದಕ್ಕೆ ಮೊದಲು ಅಲ್ಲಿ ಎಂದೂ ೪೦ ಡಿಗ್ರಿ ಮುಟ್ಟಿರಲಿಲ್ಲ. ಲಂಡನ್ನೂ ಅದಕ್ಕಿಂತ ಹೆಚ್ಚು ತಂಪಾಗಿರಲಿಲ್ಲ. ಆ ಮನೆಗಳನ್ನು ಚಳಿಯನ್ನು ಎಣಿಸಿ ಕಟ್ಟಿರುವರು, ಪಂಕವಿಲ್ಲ, ಜಗಲಿಯಿಲ್ಲ. ಹಗಲೆಲ್ಲ ಪರದೆಗಳನ್ನು ಇಳಿಬಿಟ್ಟು ಕುಳಿತಿದ್ದು ಸಂಜೆ ಹೊರಗಡೆ ತುಸು ತಣಿದ ಮೇಲೆ ಕಿಟಕಿಗಳನ್ನೆಲ್ಲ ತೆರೆದೆವು. ಮೊಮ್ಮಗಳ ಕೋಣೆಯ ಕಿಟಕಿಯನ್ನು ಪೂರ್ತಿಯಾಗಿ ಎತ್ತಿ ಕುರ್ಚಿಯ ಕಾಲನ್ನು ಕೊಟ್ಟವನು ನಾನೇ.

ಹಿತ್ತಿಲಿಗೆ ಒಂದು ನರಿ ಬಂದಿತ್ತು. ಲಂಡನ್ನಿನಲ್ಲಿ ಸಂಜೆಯ ಹೊತ್ತು ನರಿಗಳು ಬೀದಿನಾಯಿಗಳಂತೆ ಓಡಾಡುವುವು. ಮಗುವು ನನ್ನ ಕುರ್ಚಿಯ ಮೇಲೆ ಮಂಡಿಯೂರಿ, ಎರಡು ಕೈಗಳನ್ನೂ ಕಿಟಕಿಯ ಹೊಸಿಲ ಮೇಲಿಟ್ಟು ಅದನ್ನು ನೋಡುತ್ತಿದ್ದಿತು. ಕೆಳಗಿನಿಂದ ಅಜ್ಜಿಯು, “ಪುಟ್ಟಿ, ಮಜ್ಜಿಗೆ ಮಾಡಿದ್ದೇನೆ, ಬಾ” ಎಂದು ಕೂಗಿದಳು. ಮಗುವು ಕುರ್ಚಿಯಿಂದ ಧುಮುಕಿ ಓಡಿತು. ಮೆಟ್ಟಿಲನ್ನು ಮುಟ್ಟಿರಲಿಕ್ಕಿಲ್ಲ, ಕುರ್ಚಿಯ ಕಾಲು ಜಾರಿ ಪಡಿಯು ಮೇಲಿನಿಂದ ಹೊಸಿಲಿಗೆ ಅಪ್ಪಳಿಸಿತು. ಗಾಜು ಮೇಲಿನಿಂದ ಕೆಳಗಿನವರೆಗೆ ಸೀಳಿತು. ಅವಳು ಹೊಸಿಲ ಮೇಲೆ ಬಿಟ್ಟುಹೋಗಿದ್ದ ಪೆನ್ಸಿಲ್ಲು ಎರಡು ತುಂಡಾಗಿ ಬಿದ್ದಿತ್ತು.

ನಾನು ಆ ಎರಡು ತುಂಡುಗಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತಿದ್ದೆನು.

ಆ ರಾತ್ರಿ ಮಗುವು ಮಲಗಿದ ಮೇಲೆ ಎಲ್ಲರ ಮುಂದೆ ಹೇಳಿದೆನು: “ಹುರಿ ಸವೆದಿದ್ದುದನ್ನು ನಾನು ಬಂದ ವಾರವೇ ನೋಡಿದ್ದೆ.”

ನನ್ನ ಮನೆಯವರು ನನ್ನ ಮುಖವನ್ನೇ ನೋಡಿ, “ನೋಡಿಯೂ ಬಾಯಿಬಿಡಲಿಲ್ಲವೆ?” ಎಂದರು. ಅದಕ್ಕಿಂತ ಹೆಚ್ಚಾಗಿ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಮಗನು ತಲೆ ತಗ್ಗಿಸಿ ಕುಳಿತಿದ್ದವನು, “ಊರಿನಲ್ಲಿ ಬಾವಿ ಹಗ್ಗದ ಒಂದು ಎಳೆ ಬಿಚ್ಚಿದರೆ ಮನೆಮಂದಿಗೆಲ್ಲ ಹೇಳುತ್ತಿದ್ದವರು ನೀವು. ಇಲ್ಲಿ ಏಕಪ್ಪಾ ಹೇಳಲಿಲ್ಲ?” ಎಂದನು.

“ಇದು ನಿನ್ನ ಮನೆಯಪ್ಪಾ” ಎಂದೆನು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಆ ಕುರ್ಚಿಯ ಕಾಲನ್ನು ಕೊಟ್ಟುದೂ ಅದಕ್ಕಾಗಿಯೇ. ನೀವು ಮೊದಲ ಸಲ ಬಂದಿದ್ದೀರಿ, ಮನೆ ಹಳೆಯದು, ಹಾಳಾಗಿದೆ ಎಂದು ನಿಮಗೆ ಅನ್ನಿಸಬಾರದೆಂದು ಹೇಗೋ ನಿಲ್ಲಿಸಿದೆ” ಎಂದನು.

ತಂದೆಗೆ ಮಗನ ಮನಸ್ಸು ನೊಂದೀತೆಂಬ ಸಂಕೋಚ. ಮಗನಿಗೆ ತಂದೆಯ ಕಣ್ಣಿಗೆ ಕೊರತೆ ಕಂಡೀತೆಂಬ ಸಂಕೋಚ. ಎರಡರ ನಡುವೆ ಒಂದು ಮಗುವಿನ ಕೈ. ಮರುದಿನ ಬೆಳಗ್ಗೆ ಸೊಸೆಯು ಕಾಗದವನ್ನೂ ಲೇಖನಿಯನ್ನೂ ತಂದು ನನ್ನ ಮುಂದೆ ಕುಳಿತು, “ಮಾವ, ಈ ಮನೆಯಲ್ಲಿ ಇನ್ನೂ ಏನೇನು ನಿಮ್ಮ ಕಣ್ಣಿಗೆ ಬಿದ್ದಿದೆಯೋ ಎಲ್ಲ ಹೇಳಿಬಿಡಿ” ಎಂದಳು. ನಾನು ಹೇಳಿದೆನು. ಏಳು ಬಾಬುಗಳಾದುವು. ಕೊಳಾಯಿಯು ಮೊದಲನೆಯದು.

ಕಿಟಕಿಯ ವ್ಯಾಪಾರದವರೊಬ್ಬರು ಬಂದು ನೋಡಿ, ಮರದ್ದನ್ನು ಕಿತ್ತುಹಾಕಿ ಪ್ಲಾಸ್ಟಿಕ್ಕಿನದನ್ನು ಹಾಕಿಸುವುದೇ ಲೇಸೆಂದು ಹೇಳಿದರು. ಒಂದು ಕಿಟಕಿಗೆ ಸಾವಿರ ಪೌಂಡಿಗೂ ಮೀರಿದ ಲೆಕ್ಕವನ್ನು ಕೊಟ್ಟುಹೋದರು. ಪಕ್ಕದ ಮನೆಯಲ್ಲಿ ಬಡಗಿಯ ಕೆಲಸದಿಂದ ನಿವೃತ್ತರಾದ ವೃದ್ಧರೊಬ್ಬರು ಇದ್ದರು. ಎಂಬತ್ತರ ಹತ್ತಿರದ ವಯಸ್ಸು. ಬೆರಳುಗಳ ಗೆಣ್ಣುಗಳು ಊದಿದ್ದುವು. ಅವರು ಕೋಲೂರಿಕೊಂಡು ಮಹಡಿಯನ್ನು ಹತ್ತಿ ಬಂದು, ಕಿಟಕಿಯ ಹೊಸಿಲನ್ನೂ ಕೆಳಗಣ ಮೂಲೆಗಳನ್ನೂ ಚಾಕುವಿನ ಮೊನೆಯಿಂದ ಚುಚ್ಚಿ ನೋಡಿದರು. ಕೊಳೆತ ಮರದಲ್ಲಿ ಮೊನೆಯು ಬೆಣ್ಣೆಯಲ್ಲಿ ಇಳಿದಂತೆ ಇಳಿಯುವುದು, ಇಲ್ಲಿ ಇಳಿಯಲಿಲ್ಲ. “ಮರ ನನಗಿಂತ ಗಟ್ಟಿಯಾಗಿದೆ. ಹರಿದಿರುವುದು ಹಗ್ಗ. ಹಗ್ಗವನ್ನು ಬದಲಾಯಿಸಿ” ಎಂದರು. ಆಮೇಲೆ, “ಒಂದನ್ನಲ್ಲ, ನಾಲ್ಕನ್ನೂ. ನಾಲ್ಕೂ ಒಂದೇ ದಿನ ಹಾಕಿದವು, ಮೂರು ಗಟ್ಟಿಯಾಗಿರುವಂತೆ ಕಾಣುವುವು, ಅಷ್ಟೆ” ಎಂದರು. ನಾನು ಕಲಿಯುವೆನೆಂದೆನು. ಅವರು ಮೊಮ್ಮಗಳ ಪುಟ್ಟ ಮಣೆಯ ಮೇಲೆ ಕುಳಿತು ಕಲಿಸಲು ಒಪ್ಪಿದರು. ಮೂವತ್ತು ವರ್ಷದ ತರುವಾಯ ನಾನು ಮತ್ತೆ ವಿದ್ಯಾರ್ಥಿಯಾದೆನು.

ಅವರ ಮೊದಲ ಪಾಠವು ಬಣ್ಣದ ವಿಷಯವಾಗಿತ್ತು. ಹಳೆಯ ಮನೆಗಳ ಬಣ್ಣದಲ್ಲಿ ಸೀಸವಿರುವುದು. ಅದನ್ನು ಒಣದಾಗಿ ಉಜ್ಜಿದರೆ ಎದ್ದ ಧೂಳು ದೊಡ್ಡವರಿಗೂ ಕೆಡುಕು, ಮಕ್ಕಳಿಗಂತೂ ವಿಷ. ಆದುದರಿಂದ ಮಗುವನ್ನು ಅಜ್ಜಿಯ ಜೊತೆಯಲ್ಲಿ ಹೊರಗೆ ಕಳುಹಿಸಿ, ನೆಲಕ್ಕೆ ಬಟ್ಟೆ ಹಾಸಿ, ಮೂಗಿಗೆ ಮುಸುಕು ಕಟ್ಟಿಕೊಂಡು, ನೀರು ಚಿಮುಕಿಸಿ ಕೆರೆದೆವು; ಕೆರೆದುದನ್ನೆಲ್ಲ ಒದ್ದೆ ಬಟ್ಟೆಯಿಂದ ಬಳಿದು ತೆಗೆದು, ಕೋಣೆ ಶುದ್ಧವಾದ ಮೇಲೆಯೇ ಅವಳನ್ನು ಒಳಗೆ ಬಿಟ್ಟೆವು.

ಶನಿವಾರ ಮಗನೂ ಜೊತೆಗೂಡಿದನು. ಪಡಿಯನ್ನು ಒಳಗಡೆಯಿಂದ ತಡೆದು ನಿಲ್ಲಿಸುವ ಅಂಚುಪಟ್ಟಿಯ ಬಣ್ಣದ ಗೀಟನ್ನು ಚಾಕುವಿನಿಂದ ಕೊಯ್ದು, ಉಳಿಯನ್ನು ಪಟ್ಟಿಯ ನಡುವೆ ತೂರಿಸಿ ಮೆಲ್ಲಗೆ ಮೀಟಿದೆವು. ತುದಿಯಿಂದ ಮೀಟಿದರೆ ಪಟ್ಟಿ ಮುರಿಯುವುದು. ಪಡಿಯನ್ನು ಈಚೆಗೆ ಎಳೆದು, ಉಳಿದಿದ್ದ ಹುರಿಯನ್ನು ಕೈಯಲ್ಲಿ ಬಿಗಿಹಿಡಿದು ಮೊಳೆಯನ್ನು ಕಿತ್ತು, ಗುಂಡನ್ನು ಮೆಲ್ಲಗೆ ಇಳಿಬಿಟ್ಟೆವು. ಕೈ ಜಾರಿದರೆ ಅದು ಪೆಟ್ಟಿಗೆಯ ತಳವನ್ನು ಒಡೆದೀತೆಂದು ವೃದ್ಧರು ಮೂರು ಸಲ ಎಚ್ಚರಿಸಿದರು. ಎರಡು ಪಡಿಗಳ ನಡುವೆ ಇರುವ ಸಣ್ಣ ಪಟ್ಟಿಯನ್ನು ತೆಗೆಯುವಾಗ ಒಂದು ನನ್ನ ಕೈಯಲ್ಲಿ ಮುರಿಯಿತು, ಹೊಸದನ್ನು ತರಬೇಕಾಯಿತು. ಅನಂತರ ಮೇಲಿನ ಪಡಿಯೂ ಹೊರಬಂದಿತು. ನಿಲುವಿನ ಕೆಳಭಾಗದಲ್ಲಿ, ಬಣ್ಣದ ಅಡಿಯಲ್ಲಿ ಮುಚ್ಚಿಹೋಗಿದ್ದ ಒಂದು ಗೇಣುದ್ದದ ಮುಚ್ಚಳವುಂಟು. ಅದನ್ನು ತೆಗೆದು ಕೈಯಿಕ್ಕಿದರೆ ಗುಂಡುಗಳು ಸಿಕ್ಕುವುವು. ಒಡೆದ ಗಾಜಿನ ಪಡಿಯನ್ನು ಅಂಗಡಿಗೆ ಒಯ್ದು, ಮೊದಲಿನಷ್ಟೇ ದಪ್ಪದ ಗಾಜನ್ನು ಹಾಕಿಸಿದೆವು. ದಪ್ಪವು ಹೆಚ್ಚಿದರೆ ಪಡಿ ಭಾರವಾಗಿ ಗುಂಡುಗಳ ಲೆಕ್ಕ ತಪ್ಪುವುದು. ಒಂದು ವಾರ ಕಿಟಕಿಗೆ ಹಲಗೆಯನ್ನು ಅಡ್ಡಗಟ್ಟಿದ್ದೆವು.

ಎರಡನೆಯ ಶನಿವಾರ ಮೊಮ್ಮಗಳೂ ಕೆಲಸಕ್ಕೆ ನಿಂತಳು. ಸ್ನಾನದ ಮನೆಯ ತೂಕದ ಯಂತ್ರವನ್ನು ತಂದು ಎಲ್ಲವನ್ನೂ ತೂಗಿ ಬರೆದಳು. ಕೆಳಗಿನ ಪಡಿ ೧೩ ಕಿಲೋ. ಅದರ ಎರಡು ಗುಂಡುಗಳು ಸೇರಿ ೧೨.೫. ಮೇಲಿನ ಪಡಿ ೧೨ ಕಿಲೋ. ಅದರ ಎರಡು ಗುಂಡುಗಳೂ ೧೨.೫. ವೃದ್ಧರು ಇದರ ಮರ್ಮವನ್ನು ಹೇಳಿದರು: ಕೆಳಗಿನ ಪಡಿಯು ಗುಂಡುಗಳಿಗಿಂತ ತುಸು ಭಾರವಾಗಿದ್ದರೆ ಹೊಸಿಲ ಮೇಲೆ ಬಿಗಿಯಾಗಿ ಕೂರುವುದು, ಮೇಲಿನದು ತುಸು ಹಗುರವಾಗಿದ್ದರೆ ಮೇಲುಗಡೆಗೆ ಒತ್ತಿಕೊಂಡು ನಿಲ್ಲುವುದು. ನಾನು ಮನಸ್ಸಿನಲ್ಲಿ ಬೇರೊಂದು ಲೆಕ್ಕವನ್ನು ಮಾಡುತ್ತಿದ್ದೆನು. ಒಂದು ಹುರಿ ಕಡಿದಾಗ ಉಳಿದುದು ಒಂದೇ ಗುಂಡು. ಅಂದು ಸಂಜೆ ಹೊಸಿಲಿಗೆ ಅಪ್ಪಳಿಸಿದುದು ಏಳು ಕಿಲೋ ಭಾರ.

ರಾಟೆಗಳಿಗೆ ಹತ್ತಿದ್ದ ಬಣ್ಣವನ್ನು ತೆಗೆದು ಒಂದೊಂದು ತೊಟ್ಟು ಎಣ್ಣೆ ಬಿಟ್ಟೆವು. ಇನ್ನು ಹುರಿಯನ್ನು ರಾಟೆಯ ಮೇಲಿನಿಂದ ಪೆಟ್ಟಿಗೆಯೊಳಕ್ಕೆ ಇಳಿಸಬೇಕು. ಮೆತ್ತನೆಯ ಹುರಿ ತಾನಾಗಿ ಇಳಿಯದು. ಇದಕ್ಕೆ ಅಲ್ಲಿಯ ಬಡಗಿಗಳು ಒಂದು ಸಣ್ಣ ಸೀಸದ ತುಂಡಿಗೆ ದಾರವನ್ನ ಕಟ್ಟಿ ರಾಟೆಯ ಸಂದಿನಿಂದ ತೂರಿಸುವರು. ಆ ತುಂಡು ಸರಸರನೆ ಕೆಳಗಿಳಿದು ಮುಚ್ಚಳದ ಬಳಿ ಸಿಕ್ಕುವುದು. ದಾರವನ್ನು ಎಳೆದರೆ ಅದಕ್ಕೆ ಕಟ್ಟಿದ ಹುರಿ ಹಿಂದೆಯೇ ಬರುವುದು. ಅದನ್ನು ಅವರು ‘ಇಲಿ’ ಎನ್ನುವರು. ಸೀಸದ ಬದಲು ನಾವು ಬಾಗಿಸಿದ ಮೊಳೆಯನ್ನೇ ಇಲಿ ಮಾಡಿಕೊಂಡೆವು. “ಗಣಪತಿಯ ಇಲಿಯೇ ತಾತ?” ಎಂದು ಮಗುವು ಕೇಳಿತು. ವಿಘ್ನವಿರುವ ಕಡೆಗೆ ಹೋಗುವ ಇಲಿ ಬೇರೆ ಯಾವುದಿದ್ದೀತು ಎಂದೆನು. ನಾಲ್ಕು ಸಲವೂ ಇಲಿಯನ್ನು ಬಿಟ್ಟವಳು ಅವಳೇ.

ಹುರಿಯ ಉದ್ದವನ್ನು ಅಳೆಯುವುದೇ ಈ ಕೆಲಸದ ಜೀವಾಳ. ಉದ್ದ ಹೆಚ್ಚಾದರೆ ಪಡಿಯು ಪೂರ್ತಿ ಏರುವುದಕ್ಕೆ ಮೊದಲೇ ಗುಂಡು ತಳವನ್ನು ಮುಟ್ಟುವುದು. ಕಡಮೆಯಾದರೆ ಪಡಿಯು ಹೊಸಿಲನ್ನು ಮುಟ್ಟುವುದಕ್ಕೆ ಮೊದಲೇ ಗುಂಡು ರಾಟೆಗೆ ತಗಲಿ ನಿಲ್ಲುವುದು. ವೃದ್ಧರು ಹೇಳಿದುದನ್ನು ನಾನು ಕೇಳಿ, ತಲೆಯಾಡಿಸಿ, ತಪ್ಪಾಗಿ ಕತ್ತರಿಸಿದೆನು. ಪಡಿಯನ್ನು ಕೂರಿಸಿ ಇಳಿಸಿದರೆ ಹೊಸಿಲಿಗೆ ಎರಡು ಬೆರಳು ಮೇಲೆಯೇ ನಿಂತಿತು. ಎಷ್ಟು ಒತ್ತಿದರೂ ಇಳಿಯದು. ಎಲ್ಲರೂ ಮೌನವಾಗಿದ್ದಾಗ ಮಗುವು, “ತಾತ, ನಿಮ್ಮ ಹಗ್ಗ ಕುಳ್ಳು” ಎಂದಿತು. ಕೆಂಪು ಶಾಯಿಯಿಂದ ಸಾವಿರಾರು ಕಾಗದಗಳನ್ನು ತಿದ್ದಿದವನಿಗೆ ಆ ತಿದ್ದುಪಡಿ ಸಲ್ಲತಕ್ಕದ್ದೇ. ಅವಳು ಹೇಳದೆ ಮರ್ಯಾದೆಗಾಗಿ ಸುಮ್ಮನಿದ್ದಿದ್ದರೆ ಅದಕ್ಕೆ ಮಾದರಿ ನಾನೇ ಆಗಿರುತ್ತಿದ್ದೆನು. “ಸರಿಯಾಗಿ ಹೇಳಿದೆ ಮಗು” ಎಂದು ಹೊಸ ತುಂಡನ್ನು ಅಳೆದೆನು. ಮುಚ್ಚಿದ ಪಡಿಗೆ ಗುಂಡು ರಾಟೆಯ ಕೆಳಗೆ ಎರಡು ಮೂರು ಅಂಗುಲ ಬಿಟ್ಟು ನಿಲ್ಲಬೇಕು. ಆ ಗುರುತಿನಲ್ಲಿ ಕತ್ತರಿಸಿದೆನು.

ಸಂಜೆಯಾಗುವಾಗ ಮೊದಲು ಮೇಲಿನ ಪಡಿ, ಅನಂತರ ನಡುವಣ ಪಟ್ಟಿ, ಆಮೇಲೆ ಕೆಳಗಿನ ಪಡಿ, ಕೊನೆಗೆ ಅಂಚುಪಟ್ಟಿ ಎಲ್ಲವೂ ತಮ್ಮ ತಮ್ಮ ಸ್ಥಾನವನ್ನು ಸೇರಿದುವು. ಪಡಿ ಜಾರುವ ದಾರಿಗೆ ಮೇಣದಬತ್ತಿಯನ್ನು ತಿಕ್ಕಿದೆವು. ವೃದ್ಧರು ಎದ್ದು, ಊದಿದ ಬೆರಳುಗಳಿಂದ ಪಡಿಯನ್ನು ಮೂರು ಸಲ ಏರಿಸಿ ಇಳಿಸಿ, ಗೋಡೆಯೊಳಗೆ ಗುಂಡುಗಳು ಚಲಿಸುವ ಸದ್ದನ್ನು ಕಿವಿಗೊಟ್ಟು ಕೇಳಿ, “ಹುರಿಗೆ ಮಾತ್ರ ಎಂದೂ ಬಣ್ಣ ಬಳಿಯಬೇಡಿ” ಎಂದರು. ಅದೇ ಅವರ ಪ್ರಶಂಸೆ. ಮಗನು ಪಡಿಯನ್ನು ಅರ್ಧ ಎತ್ತಿ ಕೈಬಿಟ್ಟನು. ಅದು ಬಿಟ್ಟಲ್ಲಿಯೇ ನಿಂತಿತು. ಸೊಸೆಯು ಆ ಕುರ್ಚಿಯ ಕಾಲನ್ನು ಕಸಕ್ಕೆ ಹಾಕಲು ಹೊರಟಾಗ ನಾನು ಬೇಡವೆಂದೆನು. ಅದು ಈಗಲೂ ಅವರ ಮನೆಯಲ್ಲಿ ಸಲಕರಣೆಯ ಪೆಟ್ಟಿಗೆಯಲ್ಲಿದೆ. ಸುಮ್ಮನಿರುವುದಕ್ಕೆ ಮನಸ್ಸಾದಾಗ ನೋಡಿಕೊಳ್ಳಲೆಂದು.

ಹುರಿಯ ವಿಷಯವಾಗಿ ನನಗೆ ಉಳಿದ ಪಾಠವು ಚಿಕ್ಕದು. ಕಿಟಕಿಯು ಹಗುರವಾಗಿ ಆಡುತ್ತಿರುವಾಗ ಒಳಗೆ ಗುಂಡು ಇದೆಯೆಂದಾಗಲಿ ಅದನ್ನು ಹುರಿಯೊಂದು ಹೊತ್ತಿದೆಯೆಂದಾಗಲಿ ಯಾರಿಗೂ ನೆನಪಾಗದು. ಮನೆಯೊಳಗಣ ಮಾತೂ ಅಂಥದೇ. ತಂದೆಮಕ್ಕಳು, ಅತ್ತೆಸೊಸೆಯರು, ಗಂಡಹೆಂಡಿರು ಸಣ್ಣ ಪುಟ್ಟ ಕೊರತೆಗಳನ್ನು ಅಂದಂದಿಗೆ ಹೇಳಿ ಕೇಳಿ ನಡೆಯುತ್ತಿದ್ದರೆ ಸಂಸಾರದ ಭಾರವು ಗೊತ್ತಾಗುವುದಿಲ್ಲ. ಸಂಕೋಚವೆಂಬ ಬಣ್ಣವನ್ನು ಬಳಿದು ಅದನ್ನು ಅಂದವಾಗಿ ಕಾಣಿಸಹೋದರೆ ಒಳಗೆ ಬಿರುಸಾಗಿ ಒಂದು ದಿನ ಕಡಿಯುವುದು. ಕಡಿದಾಗ ಪೆಟ್ಟು ಬೀಳುವುದು ಹೆಚ್ಚಾಗಿ ಏನೂ ಅರಿಯದವರಿಗೆ.

ನವೆಂಬರಿನಲ್ಲಿ ಊರಿಗೆ ಹಿಂದಿರುಗಿದೆವು. ಬಂದ ನಾಲ್ಕಾರು ದಿನಗಳಲ್ಲಿ ಎದುರುಮನೆಯವರು ಕಾಫಿಗೆ ಕರೆದರು. ಅವರ ನಡುಮನೆಯಲ್ಲಿ ಒಂದು ಉಯ್ಯಾಲೆಯ ಮಣೆಯುಂಟು. ಅದರ ಮೇಲೆ ಅವರ ಇಬ್ಬರು ಮೊಮ್ಮಕ್ಕಳು ಜೀಕುತ್ತಿದ್ದರು. ತೊಲೆಯ ಕೊಂಡಿಯಲ್ಲಿ ಸರಪಣಿಯ ಬಳೆಯು ಸವೆದು ಕಾಲುಭಾಗವೂ ಉಳಿದಿರಲಿಲ್ಲ. ಮೊದಲಾಗಿದ್ದರೆ ಕಾಫಿಯನ್ನು ಕುಡಿದು, ಕ್ಷೇಮಸಮಾಚಾರ ಮಾತನಾಡಿ ಎದ್ದುಬರುತ್ತಿದ್ದೆನು. ಅಂದು ಲೋಟವನ್ನು ಕೆಳಗಿಡುವುದಕ್ಕೆ ಮೊದಲೇ ಹೇಳಿದೆನು. ಮನೆಯ ಯಜಮಾನರಿಗೆ ಅದು ಅಷ್ಟು ರುಚಿಸಲಿಲ್ಲ. “ಅಜ್ಜನ ಕಾಲದ ಸರಪಣಿ ಮೇಷ್ಟರೇ, ಇನ್ನೂ ನೂರು ವರ್ಷ ಬರುತ್ತೆ” ಎಂದು ನಕ್ಕರು. ನಾನು ನಗದೆ, ಮಕ್ಕಳನ್ನು ಕೆಳಗಿಳಿಸಿ, ಸ್ಟೂಲಿನ ಮೇಲೆ ಹತ್ತಿ ನೋಡಬೇಕೆಂದು ಬೇಡಿಕೊಂಡೆನು. ಅವರು ಬೇಸರದಿಂದಲೇ ಹತ್ತಿದರು. ಹತ್ತಿ ನೋಡಿದವರು ಏನೂ ಹೇಳದೆ ಇಳಿದು ಬಂದು, ಮಣೆಯನ್ನು ಬಿಚ್ಚಿ ಗೋಡೆಗೆ ಒರಗಿಸಿದರು.